ಹೊರೆಯಿಂದ ಚೀಲಕ್ಕೆ: ಮಂಗಳೂರು ಪರಿಸರದ ಭತ್ತದ ಬೇಸಾಯದಲ್ಲಿ ಗೊಬ್ಬರದ ಪ್ರಮಾಣ

ತುಳುನಾಡಿನ ಕೃಷಿ ಸಂಸ್ಕೃತಿಯನ್ನು ಕುರಿತ ಅಧ್ಯಯನಗಳು ಬಿತ್ತನೆ, ನಾಟಿ, ಕೊಯ್ಲು ಹಾಗೂ ಅವುಗಳೊಂದಿಗೆ ಬೆಸೆದುಕೊಂಡ ಆಚರಣೆಗಳಿಗೆ ನೀಡಿದಷ್ಟು ಗಮನವನ್ನು ಗೊಬ್ಬರಕ್ಕೆ ನೀಡಿದಂತೆ ಕಾಣುವುದಿಲ್ಲ. ನಾಟಿಗೆ ಹಾಡಿದೆ, ಕೊಯ್ಲಿಗೆ ಹಬ್ಬವಿದೆ. ಗುಡ್ಡದಿಂದ ಸೊಪ್ಪು ಹೊತ್ತು ತಂದ ಕೆಲಸವು ದುಡಿಮೆಯ ಲೆಕ್ಕದಲ್ಲಿ ಉಳಿಯಿತೇ ಹೊರತು ಸಂಸ್ಕೃತಿಯ ಲೆಕ್ಕಕ್ಕೆ ಬರಲಿಲ್ಲ. ಆದರೆ ಗದ್ದೆಗೆ ಯಾವ ಗೊಬ್ಬರ, ಎಷ್ಟು, ಯಾವಾಗ ಎಂಬ ತಿಳಿವಳಿಕೆಯೇ ಇಳುವರಿಯನ್ನು ನಿರ್ಧರಿಸುತ್ತಿದ್ದುದರಿಂದ ಈ ನಾಡಿನ ಆರ್ಥಿಕ ಇತಿಹಾಸದಲ್ಲಿ ಗೊಬ್ಬರಕ್ಕೆ ಕೇಂದ್ರ ಸ್ಥಾನವಿದೆ. ಮಂಗಳೂರು ಪರಿಸರದಲ್ಲಿ ಗೊಬ್ಬರದ ಅಳತೆಯು ತಲೆಹೊರೆಯಿಂದ ಕಾರ್ಖಾನೆಯ ಚೀಲಕ್ಕೆ ಹೇಗೆ ಬದಲಾಯಿತು, ಈ ಬದಲಾವಣೆಯಿಂದ ಭತ್ತದ ಪೋಷಣೆ ಮತ್ತು ಇಳುವರಿಯ ಮೇಲೆ ಉಂಟಾದ ಪರಿಣಾಮವೇನು, ಗೊಬ್ಬರದ ಪ್ರಮಾಣವನ್ನು ನಿರ್ಣಯಿಸುವ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

1. ಭೂಮಿಯ ವಿಂಗಡಣೆ ಮತ್ತು ಹಳೆಯ ಅಳತೆಗಳು

ಮಂಗಳೂರು ಪರಿಸರದ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸುವ ಕ್ರಮವು ಪ್ರಾಚೀನವಾದುದು. ಗುಡ್ಡಗಳ ನಡುವಿನ ತಗ್ಗಿನಲ್ಲಿ, ತೋಡಿನ ನೀರಿನ ಆಸರೆಯಲ್ಲಿರುವುದು ಬೈಲು. ಅದಕ್ಕಿಂತ ಎತ್ತರದಲ್ಲಿ ಮೆಟ್ಟಿಲುಗಳಾಗಿ ಕಡಿದ ಗದ್ದೆಗಳು ಮಜಲು. ಮಳೆಯ ನೀರನ್ನೇ ನಂಬಿದ ಮೇಲಿನ ಗದ್ದೆಗಳು ಬೆಟ್ಟು. ಬೆಟ್ಟುಗದ್ದೆಯಲ್ಲಿ ಏಣೆಲು ಎಂಬ ಒಂದೇ ಬೆಳೆ. ಮಜಲಿನಲ್ಲಿ ಏಣೆಲು ಮತ್ತು ಸುಗ್ಗಿ. ಬೈಲಿನಲ್ಲಿ ಇವೆರಡರ ಜೊತೆಗೆ ಕೊಳಕೆ ಎಂಬ ಮೂರನೆಯ ಬೆಳೆ. ಏಣೆಲು ಮುಂಗಾರಿನ ಬೆಳೆ, ಸುಗ್ಗಿ ಹಿಂಗಾರಿನದು, ಕೊಳಕೆ ಬೇಸಗೆಯದು. ಏತದಿಂದ ಎತ್ತಿದ ಅಥವಾ ತೋಡಿಗೆ ಕಟ್ಟ ಹಾಕಿ ತಿರುಗಿಸಿದ ನೀರಿನಿಂದ ಬೆಳೆಯುವ ಕೊಳಕೆಯನ್ನು ಈ ನಾಡಿನ ನಿಜವಾದ ನೀರಾವರಿ ಬೆಳೆ ಎನ್ನಬಹುದು.

ಟಿಪ್ಪುವಿನ ಪತನದ ಬಳಿಕ ಈಸ್ಟ್ ಇಂಡಿಯಾ ಕಂಪೆನಿಯ ಅಪ್ಪಣೆಯಂತೆ ಪ್ರವಾಸ ಕೈಗೊಂಡ ಫ್ರಾನ್ಸಿಸ್ ಬುಕನನ್ 1801ರಲ್ಲಿ ಕೆನರಾ ಪ್ರಾಂತವನ್ನು ಹಾದುಹೋದನು. 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಪ್ರವಾಸ ಕಥನದಲ್ಲಿ ಭೂಮಿಯ ಈ ವಿಂಗಡಣೆಯೂ ಬೆಳೆಗಳ ಹೆಸರುಗಳೂ ದಾಖಲಾಗಿವೆ. ಎರಡು ಶತಮಾನಗಳ ಹಿಂದಿನ ಈ ಹೆಸರುಗಳು ಇಂದಿಗೂ ಕೃಷಿಕರ ಬಾಯಲ್ಲಿ ಉಳಿದಿರುವುದು ಗಮನಾರ್ಹ.

ಅಳತೆಯ ಪರಿಭಾಷೆಯೂ ಇಷ್ಟೇ ಸ್ಥಳೀಯವಾದುದು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಕಟ್ಟಿದ ಮುಡಿಯು 42 ಸೇರಿನದು. ಮೂರು ಕಳಸೆಗೆ ಒಂದು ಮುಡಿ. ಗದ್ದೆಯ ವಿಸ್ತಾರವನ್ನು ಹೇಳುವಾಗಲೂ ಎಷ್ಟು ಮುಡಿ ಬೀಜ ಬೀಳುವ ಗದ್ದೆ ಎಂದು ಹೇಳುವುದೇ ರೂಢಿ. ಒಡೆಯನಿಗೆ ಸಲ್ಲಬೇಕಾದ ಗೇಣಿಯೂ ಅಕ್ಕಿಯ ಮುಡಿಗಳಲ್ಲಿಯೇ ನಿಗದಿಯಾಗುತ್ತಿತ್ತು. ಹೀಗೆ ಬೀಜ, ನೆಲ, ಗೇಣಿ ಈ ಮೂರಕ್ಕೂ ಒಂದೇ ಅಳತೆ ಇದ್ದುದರಿಂದ ಗದ್ದೆಯ ಸಾರವನ್ನು ಕೃಷಿಕನು ಅನುಪಾತವಾಗಿ ಗ್ರಹಿಸುತ್ತಿದ್ದನು: ಒಂದು ಮುಡಿ ಬಿತ್ತಿದರೆ ಎಷ್ಟು ಮುಡಿ ಬರುತ್ತದೆ ಎಂಬುದೇ ಇಳುವರಿ. ಗೊಬ್ಬರದ ಅಳತೆ ಮಾತ್ರ ಹೊರೆ ಮತ್ತು ಹೆಡಿಗೆಗಳದ್ದು. ಅದು ಹೊರುವ ತಲೆಯ ಶಕ್ತಿಯನ್ನೂ ಗುಡ್ಡದ ದೂರವನ್ನೂ ಅವಲಂಬಿಸಿತ್ತು.

2. ಗುಡ್ಡ, ಹಟ್ಟಿ ಮತ್ತು ಗದ್ದೆ

ಹಳೆಯ ಪದ್ಧತಿಯಲ್ಲಿ ಗೊಬ್ಬರದ ಮೂಲ ಗುಡ್ಡ. ಗುಡ್ಡದ ಹಸಿಸೊಪ್ಪು ಮತ್ತು ತರಗೆಲೆಗಳು ಹಟ್ಟಿಗೆ ಬಂದು ದನಗಳ ಕಾಲಡಿಯಲ್ಲಿ ಹಾಸಾಗಿ, ಸಗಣಿ ಮತ್ತು ಗಂಜಲವನ್ನು ಹೀರಿಕೊಂಡು ಗೊಬ್ಬರವಾಗುತ್ತಿದ್ದವು. ಮಳೆಗಾಲಕ್ಕೆ ಮೊದಲು ಅದನ್ನು ಗದ್ದೆಗೆ ಹೊತ್ತು ಹರಡುವುದು, ಉಳುಮೆಯ ಸಮಯದಲ್ಲಿ ಹಸಿಸೊಪ್ಪನ್ನು ಕೆಸರಿನಲ್ಲಿ ತುಳಿದು ಹೂಳುವುದು, ಒಲೆಯ ಬೂದಿಯನ್ನು ಕೂಡಿಟ್ಟು ಹಾಕುವುದು, ಕಸಕಡ್ಡಿಯೊಂದಿಗೆ ಮಣ್ಣನ್ನು ಸುಟ್ಟು ಸುಡುಮಣ್ಣು ಮಾಡುವುದು ಈ ಪದ್ಧತಿಯ ಅಂಗಗಳು. ಕರಾವಳಿಯ ಅಂಚಿನಲ್ಲಿ ಬೂತಾಯಿ ಮೀನು ಹೇರಳವಾಗಿ ಬಿದ್ದ ವರ್ಷಗಳಲ್ಲಿ ಅದನ್ನು ಒಣಗಿಸಿ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸು ಸರಕಾರದ ಮೀನುಗಾರಿಕಾ ಇಲಾಖೆಯ ಪ್ರೋತ್ಸಾಹದಿಂದ ಪಶ್ಚಿಮ ಕರಾವಳಿಯಲ್ಲಿ ಮೀನೆಣ್ಣೆ ತೆಗೆಯುವ ಉದ್ಯಮ ಬೆಳೆದಾಗ, ಎಣ್ಣೆ ತೆಗೆದುಳಿದ ಮೀನುಗೊಬ್ಬರವು ಹೊರನಾಡಿನ ತೋಟಗಳಿಗೂ ರಫ್ತಾಯಿತು. ಸ್ಥಳೀಯ ಗೊಬ್ಬರವೊಂದು ಮಾರುಕಟ್ಟೆಯ ಸರಕಾದ ಮೊದಲ ನಿದರ್ಶನಗಳಲ್ಲಿ ಇದೂ ಒಂದು.

ಗುಡ್ಡ ಮತ್ತು ಗದ್ದೆಯ ಸಂಬಂಧಕ್ಕೆ ಕಾನೂನಿನ ರೂಪವೂ ಇತ್ತು. ಅದೇ ಕುಮ್ಕಿ ಹಕ್ಕು. ವರ್ಗದಾರನ ಜಮೀನಿನ ಅಂಚಿನಿಂದ 100 ಗಜಗಳೊಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ಸೌದೆ, ಹುಲ್ಲು ಮೊದಲಾದವನ್ನು ಪಡೆಯುವ ಸವಲತ್ತು ಇದು. 1894ರಲ್ಲಿ ಪ್ರಕಟವಾದ ಜೆ. ಸ್ಟರಕ್‌ನ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿಯು ಈ ಜಿಲ್ಲೆಯ ಭೂಹಿಡುವಳಿಯ ವಿಶಿಷ್ಟ ಲಕ್ಷಣಗಳನ್ನು ಅರಿಯಲು ಮುಖ್ಯ ಆಕರ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 79ನೆಯ ಪ್ರಕರಣವೂ ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ ಭೂಮಿಗಳ ಸವಲತ್ತುಗಳನ್ನು ಮುಂದುವರಿಸಿತು. ಕಂದಾಯದ ಭಾಷೆಯಲ್ಲಿ ಕುಮ್ಕಿ ಎಂದರೆ ಸವಲತ್ತು. ಬೇಸಾಯದ ಭಾಷೆಯಲ್ಲಿ ಅದು ಗದ್ದೆಯ ಗೊಬ್ಬರದ ಕಣಜ. ಗುಡ್ಡವಿಲ್ಲದ ಗದ್ದೆಗೆ ಬೆಲೆ ಕಡಿಮೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಪದ್ಧತಿಯನ್ನು ಕೇವಲ ಪ್ರಕೃತಿಯೊಂದಿಗಿನ ಸಾಮರಸ್ಯವೆಂದು ವರ್ಣಿಸುವುದು ಅರ್ಧಸತ್ಯವಾಗುತ್ತದೆ. ಸೊಪ್ಪಿನ ಹೊರೆಯನ್ನು ಹೊತ್ತವರಲ್ಲಿ ಹೆಚ್ಚಿನವರು ಸ್ತ್ರೀಯರು ಮತ್ತು ಒಡೆಯನ ಮನೆತನಕ್ಕೆ ಕಟ್ಟುಬಿದ್ದ ಮೂಲದಾಳುಗಳು. ಬುಕನನ್‌ನ ಕಾಲದಲ್ಲಿ ಇಲ್ಲಿ ಆಳುಗಳ ಮಾರಾಟವೂ ಒತ್ತೆಯೂ ನಡೆಯುತ್ತಿದ್ದವು. ಗುಲಾಮಗಿರಿಗೆ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿದ ಶಾಸನ 1843ರಲ್ಲಿ ಬಂದರೂ ದುಡಿಮೆಯ ಸಂಬಂಧಗಳು ಬಹುಕಾಲ ಹಾಗೆಯೇ ಉಳಿದವು. ಹಳೆಯ ಗೊಬ್ಬರದ ಲೆಕ್ಕದಲ್ಲಿ ಕೂಲಿಯ ಅಂಶ ಕಾಣದಿರುವುದಕ್ಕೆ ಕೂಲಿಯೇ ಅತ್ಯಲ್ಪವಾಗಿದ್ದುದು ಕಾರಣ.

3. ಆಚರಣೆಗಳಲ್ಲಿ ಭೂಮಿಯ ಸಾರದ ಕಲ್ಪನೆ

ಗೊಬ್ಬರದ ಕೆಲಸಕ್ಕೆ ಪ್ರತ್ಯೇಕ ಹಬ್ಬವಿಲ್ಲದಿದ್ದರೂ ಭೂಮಿಯ ಫಲವಂತಿಕೆಯ ಕಲ್ಪನೆಯು ತುಳುವರ ಆಚರಣೆಗಳಲ್ಲಿ ಸ್ಪಷ್ಟವಾಗಿದೆ. ಪೊನ್ನಿ ತಿಂಗಳ ಕೊನೆಯಲ್ಲಿ ಮೂರು ದಿನ ಆಚರಿಸುವ ಕೆಡ್ಡಸದಲ್ಲಿ ಭೂಮಿತಾಯಿ ಋತುಮತಿಯಾಗುತ್ತಾಳೆ ಎಂಬ ನಂಬಿಕೆಯಿದೆ. ಆ ದಿನಗಳಲ್ಲಿ ನೆಲವನ್ನು ಅಗೆಯುವಂತಿಲ್ಲ, ಉಳುವಂತಿಲ್ಲ. ಕೊನೆಯ ದಿನ ಭೂಮಿಗೆ ಎಣ್ಣೆ ಮೊದಲಾದವನ್ನು ಅರ್ಪಿಸುತ್ತಾರೆ. ನೆಲಕ್ಕೆ ವಿಶ್ರಾಂತಿ ಬೇಕು, ಅದರಿಂದ ಪಡೆದುದಕ್ಕೆ ಪ್ರತಿಯಾಗಿ ಅದಕ್ಕೇನಾದರೂ ಕೊಡಬೇಕು ಎಂಬ ಎರಡು ಭಾವನೆಗಳು ಇಲ್ಲಿ ಒಂದಾಗಿವೆ. ದೀಪಾವಳಿಯಲ್ಲಿ ಬಲೀಂದ್ರನನ್ನು ಕರೆಯುವಾಗಲೂ, ಕಣದಲ್ಲಿ ಭತ್ತವನ್ನು ರಾಶಿ ಹಾಕುವಾಗಲೂ ಕೇಳಿಬರುವ ‘ಪೊಲಿ’ ಎಂಬ ಮಾತು ವೃದ್ಧಿ, ಸಮೃದ್ಧಿ ಎಂಬ ಅರ್ಥಗಳನ್ನು ಹೊಂದಿದೆ. ಇಳುವರಿ ಎಂಬುದು ಕಣದಲ್ಲಿ ಅಳೆದ ಮೊತ್ತ. ಪೊಲಿ ಎಂಬುದು ಅಳೆದ ಮೇಲೂ ಮನೆಯಲ್ಲಿ ಉಳಿದು ಬೆಳೆಯಬೇಕಾದ ಸತ್ವ.

ಪಾಡ್ದನಗಳಲ್ಲಿಯೂ ಭತ್ತದ ಬೇಸಾಯವು ಕಥೆಯ ಕೇಂದ್ರದಲ್ಲಿದೆ. ಕೋಟಿ-ಚೆನ್ನಯ ಪಾಡ್ದನದಲ್ಲಿ ಬುದ್ಯಂತನೊಂದಿಗಿನ ವೈಮನಸ್ಸು ಕಂಬಳಗದ್ದೆಯ ಬೇಸಾಯಕ್ಕೆ ಸಂಬಂಧಿಸಿದುದು. ಕಾನದ-ಕಟದರ ಪಾಡ್ದನದಲ್ಲಿ ಅತಿಕಾರೆ ಎಂಬ ಭತ್ತದ ತಳಿಯನ್ನು ತುಳುನಾಡಿಗೆ ತಂದ ವೃತ್ತಾಂತವಿದೆ. ಕಯಮೆ, ರಾಜಕಯಮೆ, ಅತಿಕಾರೆ ಮುಂತಾದ ನಾಟಿ ತಳಿಗಳು ಎತ್ತರಕ್ಕೆ ಬೆಳೆಯುವಂಥವು. ಇಂತಹ ತಳಿಗಳಿಗೆ ಹೆಚ್ಚು ಸಾರಜನಕ ಸಿಕ್ಕಿದರೆ ಪೈರು ಸೊಕ್ಕಿ ಬೆಳೆದು, ತೆನೆ ತುಂಬುವ ಹೊತ್ತಿಗೆ ಮಳೆಗಾಳಿಗೆ ನೆಲಕಚ್ಚುತ್ತದೆ. ಆದ್ದರಿಂದ ನಿಧಾನವಾಗಿ ಕರಗುವ, ಮಿತವಾಗಿ ಉಣಿಸುವ ಸೊಪ್ಪು ಮತ್ತು ಹಟ್ಟಿಗೊಬ್ಬರಗಳು ಈ ತಳಿಗಳಿಗೆ ಒಪ್ಪುತ್ತಿದ್ದವು. ಹಳೆಯ ಪ್ರಮಾಣವು ಕಡಿಮೆಯಾಗಿತ್ತೆಂಬುದು ನಿಜ. ತಳಿಯ ಗುಣಕ್ಕೆ ಆ ಪ್ರಮಾಣ ಹೊಂದಿಕೆಯಾಗಿತ್ತೆಂಬುದೂ ಅಷ್ಟೇ ನಿಜ.

4. ಚೀಲದ ಆಗಮನ

ಭಾರತದಲ್ಲಿ ರಾಸಾಯನಿಕ ಗೊಬ್ಬರದ ತಯಾರಿಕೆಯು 1906ರಲ್ಲಿ ಮದರಾಸು ಪ್ರಾಂತದ ರಾಣಿಪೇಟೆಯಲ್ಲಿ ಸೂಪರ್‌ಫಾಸ್ಫೇಟ್ ಕಾರ್ಖಾನೆಯೊಂದಿಗೆ ಆರಂಭವಾಯಿತು. ಮೈಸೂರು ಸಂಸ್ಥಾನದ ಬೆಳಗೊಳದಲ್ಲಿ 1940ರ ಆಸುಪಾಸಿನಲ್ಲಿ ಅಮೋನಿಯಂ ಸಲ್ಫೇಟ್ ತಯಾರಾಗತೊಡಗಿತು. ಕೇರಳದ ಆಲುವ ಸಮೀಪದ ಉದ್ಯೋಗಮಂಡಲದ ಫ್ಯಾಕ್ಟ್ ಕಾರ್ಖಾನೆ 1947ರಲ್ಲಿಯೂ ಆಗಿನ ಬಿಹಾರದ ಸಿಂದ್ರಿ ಕಾರ್ಖಾನೆ 1951ರಲ್ಲಿಯೂ ಉತ್ಪಾದನೆ ಆರಂಭಿಸಿದವು. 1943ರ ‘ಹೆಚ್ಚು ಆಹಾರ ಬೆಳೆಯಿರಿ’ ಚಳವಳಿಯ ಮೂಲಕ ಗೊಬ್ಬರವು ಸರಕಾರದ ಕಾರ್ಯಕ್ರಮವಾಯಿತು. ಕನ್ನಡ ನಾಡಿನ ಹಲವೆಡೆ ರಾಸಾಯನಿಕ ಗೊಬ್ಬರವನ್ನು ‘ಸರಕಾರಿ ಗೊಬ್ಬರ’ ಎಂದು ಕರೆಯುವ ರೂಢಿಯಲ್ಲಿ ಈ ಇತಿಹಾಸದ ಗುರುತಿದೆ.

ನಿರ್ಣಾಯಕ ತಿರುವು 1960ರ ದಶಕದ ಉತ್ತರಾರ್ಧದ್ದು. 1966ರಲ್ಲಿ ಐಆರ್-8, 1968ರಲ್ಲಿ ಜಯ ತಳಿಗಳು ಬಿಡುಗಡೆಯಾದವು. ಈ ಗಿಡ್ಡ ತಳಿಗಳು ಹೆಚ್ಚು ಸಾರಜನಕವನ್ನು ಉಂಡೂ ನೆಟ್ಟಗೆ ನಿಲ್ಲುತ್ತಿದ್ದವು. ಮುಂದೆ ಕೇರಳದ ಮಂಕೊಂಬು ಸಂಶೋಧನಾ ಕೇಂದ್ರದ ಎಂಒ-4 ಎಂಬ ಕೆಂಪಕ್ಕಿಯ ತಳಿ ಕರಾವಳಿಯ ಗದ್ದೆಗಳಲ್ಲಿ ವ್ಯಾಪಕವಾಗಿ ನೆಲೆಯೂರಿತು. ಕುಚ್ಚಲಕ್ಕಿಯ ಊಟದ ನಾಡಿಗೆ ಅದು ಒಪ್ಪಿದುದೇ ಇದಕ್ಕೆ ಕಾರಣ.

ಮಂಗಳೂರಿನ ಮಟ್ಟಿಗೆ ಮೂರು ಘಟನೆಗಳು ಎರಡೇ ವರ್ಷಗಳ ಅಂತರದಲ್ಲಿ ಒಂದರ ಹಿಂದೊಂದು ಸಂಭವಿಸಿದುದನ್ನು ವಿಶೇಷವಾಗಿ ಗಮನಿಸಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಗಿ ಒಕ್ಕಲುಗಳು ಗದ್ದೆಯ ಒಡೆಯರಾಗುವ ದಾರಿ ತೆರೆಯಿತು. ಅದೇ ವರ್ಷ ಪ್ರಮುಖ ಬಂದರೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರು 1975ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. 1966ರಲ್ಲಿ ಸ್ಥಾಪನೆಯಾಗಿ ಬಳಿಕ ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಎಂಬ ಹೆಸರು ಪಡೆದ ಸಂಸ್ಥೆಯು 1976ರಲ್ಲಿ ಬಂದರಿನ ಪಕ್ಕದಲ್ಲಿಯೇ ಯೂರಿಯಾ ಉತ್ಪಾದಿಸತೊಡಗಿತು. ನಾಫ್ತಾದಿಂದ ಅಮೋನಿಯಾ, ಅಮೋನಿಯಾದಿಂದ ಯೂರಿಯಾ ಎಂಬುದು ಆಗಿನ ಕ್ರಮ. ಕೊಚ್ಚಿ-ಮಂಗಳೂರು ಕೊಳವೆ ಮಾರ್ಗದ ನೈಸರ್ಗಿಕ ಅನಿಲವು ನಾಫ್ತಾದ ಸ್ಥಾನಕ್ಕೆ ಬಂದುದು 2020-21ರ ಹೊತ್ತಿಗೆ. ಯೂರಿಯಾದೊಂದಿಗೆ ಡಿಎಪಿ ಮುಂತಾದ ಸಂಯುಕ್ತ ಗೊಬ್ಬರಗಳೂ ಸೇರಿ ‘ಮಂಗಳ’ ಎಂಬ ಹೆಸರಿನ ಚೀಲಗಳು ರಾಜ್ಯದ ಉದ್ದಗಲಕ್ಕೆ ಹೋದವು. ಗೇಣಿಯ ಭಾರ ಇಳಿದ ಕೃಷಿಕನಿಗೆ ಸಹಕಾರಿ ಸಂಘದ ಸಾಲವೂ ಸಂಘದ ಗೋದಾಮಿನ ಚೀಲವೂ ಒಟ್ಟಿಗೆ ದೊರೆತವು. 1909ರಲ್ಲಿ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ನೆಟ್ಟ ಸಹಕಾರದ ಬೀಜವು ಅಷ್ಟರಲ್ಲಿ ಜಿಲ್ಲೆಯ ಗ್ರಾಮಗಳಿಗೆ ಹಬ್ಬಿತ್ತು.

5. ಪ್ರಮಾಣ ಮತ್ತು ಇಳುವರಿ

ಹೊರೆ ಮತ್ತು ಚೀಲದ ವ್ಯತ್ಯಾಸವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕವಿದೆ, 50 ಕಿ.ಗ್ರಾಂ. ಚೀಲದಲ್ಲಿ 23 ಕಿ.ಗ್ರಾಂ. ಸಾಮಾನ್ಯ ಹಟ್ಟಿಗೊಬ್ಬರದಲ್ಲಿ ಸಾರಜನಕವು ನೂರಕ್ಕೆ ಅರ್ಧ ಭಾಗದಷ್ಟು. ಹಾಗಾಗಿ ಒಂದು ಚೀಲದ ಸಾರಜನಕಕ್ಕೆ ಸುಮಾರು 4,600 ಕಿ.ಗ್ರಾಂ. ಹಟ್ಟಿಗೊಬ್ಬರ ಬೇಕು. ಒಂದು ಹೊರೆಯನ್ನು 25 ಕಿ.ಗ್ರಾಂ. ಎಂದು ಹಿಡಿದರೆ ಅದು 184 ಹೊರೆಗಳಾಗುತ್ತವೆ. ತಲೆಯ ಮೇಲಿನ 184 ಹೊರೆಗಳನ್ನು ಇಳಿಸಿದ ವಸ್ತುವನ್ನು ಹೊರುವವರು ಸ್ವಾಗತಿಸಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ 184 ಹೊರೆಗಳಲ್ಲಿ ಸಾರಜನಕದೊಂದಿಗೆ ರಂಜಕ, ಪೊಟ್ಯಾಷ್, ಸುಣ್ಣ, ಲಘು ಪೋಷಕಾಂಶಗಳು ಮತ್ತು ಮಣ್ಣಿನ ನೀರು ಹಿಡಿಯುವ ಶಕ್ತಿಯನ್ನು ಹೆಚ್ಚಿಸುವ ಸಾವಯವ ಪದಾರ್ಥವೂ ಇದ್ದವು. ಯೂರಿಯಾ ಚೀಲದಲ್ಲಿ ಸಾರಜನಕ ಮಾತ್ರವಿತ್ತು.

ಈ ಕೊರತೆಯನ್ನು ನೀಗಲು ಬಂದುದು ಸಂಯುಕ್ತ ಗೊಬ್ಬರ. ಡಿಎಪಿಯಲ್ಲಿ ನೂರಕ್ಕೆ 18 ಸಾರಜನಕ ಮತ್ತು 46 ರಂಜಕ. 17:17:17ರಲ್ಲಿ ಮೂರೂ ಸಮ. ಫ್ಯಾಕ್ಟ್ ಸಂಸ್ಥೆಯ ಫ್ಯಾಕ್ಟಂಫಾಸ್‌ನಲ್ಲಿ 20:20 ಸಾರಜನಕ ಮತ್ತು ರಂಜಕಗಳೊಂದಿಗೆ ಗಂಧಕ. ಅಂಗಡಿಯ ಮಾತಿನಲ್ಲಿ ಗೊಬ್ಬರಕ್ಕೆ ಅಂಕಿಗಳೇ ಹೆಸರಾದವು.

ಬೇರೆ ಬೇರೆ ಪ್ರಮಾಣಗಳನ್ನು ಹಾಕಿ ಇಳುವರಿಯನ್ನು ಅಳೆಯುವ ಕ್ರಮದ ಹಿನ್ನೆಲೆಯನ್ನು ಅರಿಯಲು ಗೋಧಿಯ ಕಡೆಗೆ ತಿರುಗಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಬ್ರಾಡ್‌ಬಾಕ್ ಹೊಲದಲ್ಲಿ ಲಾಸ್ ಮತ್ತು ಗಿಲ್ಬರ್ಟ್ 1843ರಲ್ಲಿ ಆರಂಭಿಸಿದ ಗೋಧಿಯ ಪ್ರಯೋಗ ಇಂದಿಗೂ ನಡೆಯುತ್ತಿದೆ. ಒಂದು ತುಂಡು ನೆಲಕ್ಕೆ ಏನನ್ನೂ ಹಾಕದೆ, ಒಂದಕ್ಕೆ ವರ್ಷಕ್ಕೆ ಹೆಕ್ಟೇರಿಗೆ 35 ಟನ್ ಹಟ್ಟಿಗೊಬ್ಬರ ಹಾಕಿ, ಇತರ ತುಂಡುಗಳಿಗೆ 48, 96, 144 ಕಿ.ಗ್ರಾಂ. ಹೀಗೆ ಏರುವ ಪ್ರಮಾಣದಲ್ಲಿ ಸಾರಜನಕ ಹಾಕಿ ಹೋಲಿಸಿದ ಈ ಪ್ರಯೋಗದಿಂದ ಮೂರು ಸಂಗತಿಗಳು ಸ್ಥಿರಪಟ್ಟವು. ಸಾರಜನಕ ಏರಿದಂತೆ ಇಳುವರಿ ಏರುತ್ತದೆ, ಆದರೆ ಪ್ರತಿ ಏರಿಕೆಯಿಂದ ದೊರೆಯುವ ಲಾಭ ಕಡಿಮೆಯಾಗುತ್ತ ಹೋಗುತ್ತದೆ. ರಂಜಕ ಮತ್ತು ಪೊಟ್ಯಾಷ್ ಇಲ್ಲದೆ ಸಾರಜನಕವೊಂದೇ ಪೂರ್ಣ ಫಲ ಕೊಡುವುದಿಲ್ಲ. ಸಾಕಷ್ಟು ಹಟ್ಟಿಗೊಬ್ಬರವು ಖನಿಜ ಗೊಬ್ಬರಕ್ಕೆ ಸರಿಸಮನಾದ ಬೆಳೆಯನ್ನು ಕೊಡಬಲ್ಲದು.

ಭಾರತದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್‌ಗಳಿಗೆ 4:2:1 ಎಂಬ ಆದರ್ಶ ಅನುಪಾತವು ಪ್ರಚಾರಕ್ಕೆ ಬಂದುದು ಉತ್ತರದ ನೀರಾವರಿ ಧಾನ್ಯಬೆಳೆಗಳ, ಮುಖ್ಯವಾಗಿ ಗೋಧಿ ಮತ್ತು ಭತ್ತದ ಹಿನ್ನೆಲೆಯಿಂದ. ಗಂಗಾ ಬಯಲಿನ ಮೆಕ್ಕಲು ಮಣ್ಣಿಗೂ ಮಂಗಳೂರಿನ ಮುರಕಲ್ಲಿನ ಮಣ್ಣಿಗೂ ಬಹಳ ಅಂತರವಿದೆ. ಇಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಸುರಿಯುವ ಮಳೆಯು ಸಾರಜನಕ ಮತ್ತು ಪೊಟ್ಯಾಷ್‌ಗಳನ್ನು ತೊಳೆದುಕೊಂಡು ಹೋಗುತ್ತದೆ. ಹುಳಿ ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳು ರಂಜಕವನ್ನು ಬಂಧಿಸಿ ಬೇರಿಗೆ ಸಿಗದಂತೆ ಮಾಡುತ್ತವೆ. ಆದ್ದರಿಂದ ಇಲ್ಲಿ ಒಟ್ಟು ಪ್ರಮಾಣಕ್ಕಿಂತ ಹಂಚಿಕೆಯೇ ಮುಖ್ಯ. ರಂಜಕವನ್ನು ನಾಟಿಯ ವೇಳೆಗೆ ತಳಗೊಬ್ಬರವಾಗಿ, ಸಾರಜನಕ ಮತ್ತು ಪೊಟ್ಯಾಷನ್ನು ತೆಂಡೆಯೊಡೆಯುವಾಗ ಹಾಗೂ ತೆನೆ ಮೂಡುವ ಮುನ್ನ ಕಂತುಗಳಲ್ಲಿ, ಮಣ್ಣಿಗೆ ಸುಣ್ಣ ಸೇರಿಸಿ ಕೊಡಬೇಕಾಗುತ್ತದೆ. ಸುರಿಮಳೆಯ ನಡುವೆ ಒಮ್ಮೆಗೇ ಎರಚಿದ ಯೂರಿಯಾದ ಬಹುಪಾಲು ತೋಡಿನ ಪಾಲಾಗುತ್ತದೆ. ಮಿತಿಮೀರಿದರೆ ಬೆಂಕಿರೋಗಕ್ಕೆ ಆಹ್ವಾನವಾಗುತ್ತದೆ. ಒಲೆಯ ಬೂದಿಯು ಪೊಟ್ಯಾಷನ್ನೂ ಸುಣ್ಣವನ್ನೂ ಒಟ್ಟಿಗೆ ಕೊಡುತ್ತಿದ್ದುದನ್ನು ಈ ಹಿನ್ನೆಲೆಯಲ್ಲಿ ನೋಡಿದಾಗ ಹಳೆಯ ರೂಢಿಯ ಔಚಿತ್ಯ ತಿಳಿಯುತ್ತದೆ.

ಗದ್ದೆಯ ವರ್ಗಕ್ಕೆ ತಕ್ಕಂತೆಯೂ ಪ್ರಮಾಣ ಬದಲಾಗಬೇಕು. ಗುಡ್ಡದಿಂದ ತೊಳೆದು ಬಂದ ಸಾರವು ಬೈಲಿನಲ್ಲಿ ತಂಗುತ್ತದೆ; ಬೆಟ್ಟುಗದ್ದೆಯು ಇದ್ದ ಸಾರವನ್ನೂ ಕಳೆದುಕೊಳ್ಳುತ್ತದೆ. ಬೇಸಗೆಯ ಕೊಳಕೆಗೆ ಮಳೆಯ ತೊಳೆತವಿಲ್ಲ, ಬಿಸಿಲು ಧಾರಾಳ, ನೀರು ಕೃಷಿಕನ ಹಿಡಿತದಲ್ಲಿರುತ್ತದೆ. ಹಾಕಿದ ಗೊಬ್ಬರಕ್ಕೆ ಅತಿ ಹೆಚ್ಚು ಪ್ರತಿಫಲ ನೀಡಬಲ್ಲದ್ದು ಈ ಬೆಳೆಯೇ. ಆದರೆ ಕೂಲಿಯಾಳುಗಳ ಕೊರತೆ ಮತ್ತು ನೀರಿನ ಅಭಾವದಿಂದ ಕೃಷಿಕರು ಮೊದಲು ಕೈಬಿಟ್ಟ ಬೆಳೆಯೂ ಕೊಳಕೆಯೇ ಆದುದು ಈ ಇತಿಹಾಸದ ವಿಪರ್ಯಾಸಗಳಲ್ಲೊಂದು.

6. ಪ್ರಮಾಣವನ್ನು ನಿರ್ಣಯಿಸುವವರು

ಹೊರೆಯ ಕಾಲದಲ್ಲಿ ಪ್ರಮಾಣವನ್ನು ಗುಡ್ಡದ ಹಸುರು, ಹಟ್ಟಿಯ ದನಗಳ ಸಂಖ್ಯೆ ಮತ್ತು ಆಳುಗಳ ದುಡಿಮೆ ನಿರ್ಣಯಿಸುತ್ತಿದ್ದವು. ಚೀಲದ ಕಾಲದಲ್ಲಿ ಆ ಸ್ಥಾನ ಬೆಲೆಗೆ ಬಂತು. 1992ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆ ನಿಯಂತ್ರಣವನ್ನು ತೆಗೆದು ಯೂರಿಯಾವನ್ನು ಮಾತ್ರ ನಿಯಂತ್ರಣದಲ್ಲಿ ಉಳಿಸಿಕೊಂಡಿತು. 2010ರ ಏಪ್ರಿಲಿನಿಂದ ಜಾರಿಯಾದ ಪೋಷಕಾಂಶ ಆಧಾರಿತ ಸಹಾಯಧನದಿಂದಲೂ ಯೂರಿಯಾ ಹೊರಗುಳಿಯಿತು. ಅಗ್ಗವಾದ ಸಾರಜನಕವನ್ನು ಹೆಚ್ಚು ಹಾಕಿ, ದುಬಾರಿಯಾದ ರಂಜಕ ಮತ್ತು ಪೊಟ್ಯಾಷನ್ನು ಕಡಿಮೆ ಮಾಡುವ ಪ್ರವೃತ್ತಿ ದೇಶದಾದ್ಯಂತ ಬೆಳೆಯಿತು. ಪೊಟ್ಯಾಷನ್ನು ಸದಾ ಕಳೆದುಕೊಳ್ಳುವ ಕರಾವಳಿಯ ಮಣ್ಣಿಗೆ ಇದು ವಿಶೇಷವಾಗಿ ಹಾನಿಕರ. 2015ರಲ್ಲಿ ಯೂರಿಯಾಕ್ಕೆಲ್ಲ ಬೇವಿನ ಲೇಪ ಕಡ್ಡಾಯವಾದುದೂ, 2018ರಲ್ಲಿ ಚೀಲವು 45 ಕಿ.ಗ್ರಾಂ.ಗೆ ಇಳಿದುದೂ ಬಳಕೆಯನ್ನು ಮಿತಗೊಳಿಸುವ ಪ್ರಯತ್ನಗಳು. ಕೃಷಿಕನು ಎಣಿಸುವುದು ಚೀಲಗಳನ್ನು, ಕಿಲೋಗಳನ್ನಲ್ಲ ಎಂಬ ಜಾನಪದ ಸತ್ಯವನ್ನು ಆಡಳಿತವು ಕೊನೆಗೂ ಗ್ರಹಿಸಿದಂತಿದೆ.

ಇತ್ತ ಗುಡ್ಡದ ಸ್ವರೂಪವೂ ಬದಲಾಯಿತು. ಕುಮ್ಕಿಯಲ್ಲಿ ರಬ್ಬರ್, ಗೇರು, ಅಡಿಕೆ ತೋಟಗಳು ಮೇಲೆದ್ದವು. ಕೆಂಪುಕಲ್ಲಿನ ಕೋರೆಗಳು ತೆರೆದವು. ಉಳುವ ಯಂತ್ರಗಳು ಬಂದು ಕೋಣ ಮತ್ತು ಎತ್ತುಗಳು ಹಟ್ಟಿಯಿಂದ ಮರೆಯಾದವು. ಗುಡ್ಡ, ಹಟ್ಟಿ, ಗದ್ದೆಗಳ ಕೊಂಡಿ ಕಳಚಿದ ಬಳಿಕ ಮರಳಿ ಹೊರೆಯ ಕಾಲಕ್ಕೆ ಹೋಗುವುದು ಸಾಧ್ಯವೂ ಅಲ್ಲ, ಹೊತ್ತವರ ದೃಷ್ಟಿಯಿಂದ ಅಪೇಕ್ಷಣೀಯವೂ ಅಲ್ಲ.

ಪಣಂಬೂರು ಮತ್ತು ಅದರ ಸುತ್ತಲಿನ ಗ್ರಾಮಗಳ ಸ್ಥಿತಿ ಇನ್ನೂ ಮಾರ್ಮಿಕವಾದುದು. ಬಂದರು ಮತ್ತು ಕೈಗಾರಿಕೆಗಳಿಗಾಗಿ ಇಲ್ಲಿನ ನೆಲ ಸ್ವಾಧೀನವಾಯಿತು. ರಾಜ್ಯದ ಏಕೈಕ ಯೂರಿಯಾ ಕಾರ್ಖಾನೆಯು ನಿಂತ ಊರಿನ ಸುತ್ತ ಆ ಯೂರಿಯಾವನ್ನು ಉಣ್ಣಬೇಕಾದ ಗದ್ದೆಗಳು ವಿರಳವಾದವು. ಇಲ್ಲಿಯ ಚೀಲಗಳು ಘಟ್ಟ ಹತ್ತಿ ಬಯಲುಸೀಮೆಯ ಭತ್ತ, ಜೋಳ, ಗೋಧಿಗಳಿಗೆ ಸಲ್ಲುತ್ತವೆ. ನಗರದ ಹೊರವಲಯದ ಅನೇಕ ಬೈಲುಗಳು ಹಡಿಲು ಬಿದ್ದಿವೆ. 2021ರಲ್ಲಿ ಉಡುಪಿಯಲ್ಲಿ ನಡೆದ ಹಡಿಲು ಭೂಮಿ ಕೃಷಿ ಆಂದೋಲನವು ಇಂತಹ ಗದ್ದೆಗಳನ್ನು ಮರಳಿ ಬೇಸಾಯಕ್ಕೆ ತರಬಹುದೆಂಬುದನ್ನು ತೋರಿಸಿಕೊಟ್ಟಿತು. ಹಡಿಲು ಬಿದ್ದ ಗದ್ದೆಗೆ ಯಾವ ಪ್ರಮಾಣದ ಗೊಬ್ಬರವೂ ಪೊಲಿಯನ್ನು ತರಲಾರದು.

ಸಮಾರೋಪ

ಮಂಗಳೂರು ಪರಿಸರದಲ್ಲಿ ಗೊಬ್ಬರದ ಚರಿತ್ರೆಯನ್ನು ಅಜ್ಞಾನದಿಂದ ವಿಜ್ಞಾನಕ್ಕೆ ಏರಿದ ಕಥೆಯೆಂದಾಗಲೀ ಸುವರ್ಣಯುಗದಿಂದ ಇಳಿದ ಕಥೆಯೆಂದಾಗಲೀ ಓದಲಾಗದು. ಚೀಲವು ಇಳುವರಿಯನ್ನು ಹೆಚ್ಚಿಸಿತು, ತಲೆಹೊರೆಯನ್ನು ಇಳಿಸಿತು. ಆದರೆ ಬೈಲು, ಮಜಲು, ಬೆಟ್ಟುಗಳ ಅಂತರವನ್ನು ಅರಿತು ಪ್ರಮಾಣವನ್ನು ನಿರ್ಣಯಿಸುವ ತಿಳಿವಳಿಕೆಯ ಸ್ಥಾನವನ್ನು ಚೀಲದ ಮೇಲೆ ಅಚ್ಚಾದ ಅಂಕಿಗಳು ಆಕ್ರಮಿಸಿದವು. ಇಂದಿನ ಕೃಷಿವಿಜ್ಞಾನವು ಮಣ್ಣಿನ ಪರೀಕ್ಷೆಯ ಆಧಾರದಲ್ಲಿ ಗದ್ದೆ ಗದ್ದೆಗೂ ಬೇರೆ ಪ್ರಮಾಣವಿರಬೇಕೆಂದು, ರಾಸಾಯನಿಕ ಗೊಬ್ಬರದೊಂದಿಗೆ ಸೊಪ್ಪು ಮತ್ತು ಹಟ್ಟಿಗೊಬ್ಬರವೂ ಸೇರಬೇಕೆಂದು ಹೇಳುತ್ತದೆ. ತುಳುನಾಡಿನ ಭೂವಿಂಗಡಣೆಯಲ್ಲಿ ಇದಕ್ಕೆ ಬೇಕಾದ ಪರಿಭಾಷೆ ಸಿದ್ಧವಾಗಿಯೇ ಇದೆ. ಈ ಪರಿಭಾಷೆಯನ್ನು ಬಲ್ಲ ಹಿರಿಯ ಕೃಷಿಕರಿಂದ, ಅದರಲ್ಲಿಯೂ ಹೊರೆ ಹೊತ್ತ ಸ್ತ್ರೀಯರಿಂದ, ಯಾವ ಗದ್ದೆಗೆ ಯಾವ ಸೊಪ್ಪು, ಎಷ್ಟು ಹೊರೆ, ಯಾವ ಹೊತ್ತಿನಲ್ಲಿ ಎಂಬ ವಿವರಗಳನ್ನು ಗದ್ದೆಯ ಹೆಸರು ಸಹಿತ ದಾಖಲಿಸಿ, ಮಣ್ಣಿನ ಪರೀಕ್ಷೆಯ ಫಲಿತಾಂಶಗಳೊಂದಿಗೆ ಹೋಲಿಸುವ ಕೆಲಸ ಜಾನಪದ ವಿದ್ವಾಂಸರಿಗೂ ಕೃಷಿವಿಜ್ಞಾನಿಗಳಿಗೂ ಸಮಾನವಾಗಿ ಸೇರಿದುದು. ಹೊರೆಯನ್ನು ಹೊತ್ತ ತಲೆಮಾರು ಇರುವಾಗಲೇ ಆ ಕೆಲಸ ನಡೆಯಬೇಕಾಗಿದೆ.